ಸರ್ ಮಾರ್ಕ್ ಕಬ್ಬನ್

ಪಶ್ಚಿಮ ಘಟ್ಟದ ಮಡಿಲಿನಲ್ಲಿರುವ ಸೊರಬ, ಶಿಕಾರಿಪುರ ಸೀಮೆಗಳು ಹಿಂದಿನ ಕಾಲದಲ್ಲಿ ನಗರದ ಸಂಸ್ಥಾನಕ್ಕೆ ಸೇರಿದ್ದವು. ಭತ್ತ, ಅಡಿಕೆ, ಮೆಣಸು, ಶ್ರೀಗಂಧಗಳಿಗೆ ಹೆಸರಾದ ಈ ನಾಡಿನಲ್ಲಿ ಹೊಸಬಾಳೆಯಂತಹ ನೂರಾರು ಹಳ್ಳಿಗಳು ಗದ್ದೆ ತೋಟಗಳ ನಡುವೆ ಹರಡಿಕೊಂಡಿದ್ದವು. ಹತ್ತೊಂಬತ್ತನೆಯ ಶತಮಾನದ ಮೂರನೆಯ ದಶಕದ ಹೊತ್ತಿಗೆ ಈ ಹಳ್ಳಿಗಳ ರೈತನ ಬಾಳು ಬಹಳ ಕಷ್ಟಕ್ಕೆ ಗುರಿಯಾಗಿತ್ತು. ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದಲ್ಲಿ ಭೂಮಿಯ ಗುಣವನ್ನೂ ಬೆಳೆಯನ್ನೂ ಪರೀಕ್ಷಿಸಿ ಗೊತ್ತುಪಡಿಸಿದ್ದ ಶಿಸ್ತು ಹೆಸರಿಗೆ ಮಾತ್ರ ಉಳಿದಿತ್ತು. ಅದರ ಮೇಲೆ ಪಟ್ಟಿಗಳೆಂಬ ಹೊಸ ಹೊಸ ತೆರಿಗೆಗಳು ಒಂದರ ಮೇಲೊಂದು ಹೇರಲ್ಪಟ್ಟಿದ್ದವು. ಅಮಲ್ದಾರನು ಇಂತಿಷ್ಟು ಹಣವನ್ನು ವಸೂಲು ಮಾಡಿ ಕೊಡುತ್ತೇನೆಂದು ಸರ್ಕಾರಕ್ಕೆ ಷರತ್ತು ಬರೆದುಕೊಡಬೇಕಾಗಿತ್ತು. ಹಣ ಕಡಿಮೆಯಾದರೆ ತಾನೇ ತುಂಬಬೇಕಾಗಿದ್ದುದರಿಂದ ಅವನು ರೈತನನ್ನು ಹಿಂಡದೆ ಬಿಡುತ್ತಿರಲಿಲ್ಲ.

ಈ ಸಂಕಟದ ಬೇರು ಇನ್ನೂ ಆಳದಲ್ಲಿತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಇಂಗ್ಲಿಷ್ ಕಂಪನಿಯು ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಸಿಂಹಾಸನದ ಮೇಲೆ ಕೂರಿಸಿತು. ಅದರ ಜೊತೆಗೆ ಮೈಸೂರು ಸಂಸ್ಥಾನವು ವರ್ಷವರ್ಷವೂ ಏಳು ಲಕ್ಷ ವರಹಗಳನ್ನು, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು ಕಂಪನಿಗೆ ಪೊಗದಿಯಾಗಿ ಕೊಡಬೇಕೆಂದು ಒಪ್ಪಂದವಾಯಿತು. ಮಳೆ ಬಂದರೂ ಬಾರದಿದ್ದರೂ, ಧಾನ್ಯಕ್ಕೆ ಬೆಲೆ ಇದ್ದರೂ ಇಲ್ಲದಿದ್ದರೂ ಈ ಹಣ ಸಂದಾಯವಾಗಲೇಬೇಕಾಗಿತ್ತು. ಅರಮನೆಯ ವೆಚ್ಚವೂ ದಿನೇ ದಿನೇ ಬೆಳೆಯಿತು. ಕೊನೆಗೆ ಇವೆಲ್ಲದರ ಭಾರವೂ ನೇಗಿಲು ಹಿಡಿದವನ ಹೆಗಲ ಮೇಲೆಯೇ ಬಿದ್ದಿತು.

1830ರಲ್ಲಿ ನಗರದ ಸೀಮೆಯ ರೈತರು ತಾಳ್ಮೆ ಕಳೆದುಕೊಂಡರು. ಅವರು ಅಲ್ಲಲ್ಲಿ ಕೂಟಗಳನ್ನು ಸೇರಿಸಿ, ಕಂದಾಯ ಕೊಡುವುದಿಲ್ಲವೆಂದು ಸಾರಿದರು. ನಗರದ ಅರಸುಮನೆತನಕ್ಕೆ ತಾನು ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನೆಂಬುವನು ಅವರ ಮುಂದಾಳಾದನು. ಕೂಟಗಳು ದಂಗೆಯಾದವು. ಅರಸರ ಪಡೆಯಿಂದ ಆಗದೆ ಹೋದ ಕೆಲಸಕ್ಕೆ ಕಂಪನಿಯ ಪಡೆ ಬಂದಿತು. 1831ರಲ್ಲಿ ದಂಗೆ ಅಡಗಿತು. ಇದನ್ನೇ ಕಾರಣವಾಗಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಮೈಸೂರಿನ ಆಡಳಿತವನ್ನು ಅರಸರ ಕೈಯಿಂದ ತೆಗೆದು ಕಮಿಷನರುಗಳಿಗೆ ಒಪ್ಪಿಸಿದರು. ರೈತರು ಬಯಸಿದ್ದು ತೆರಿಗೆಯ ಇಳಿತವನ್ನು. ಆದರೆ ನಡೆದದ್ದು ರಾಜ್ಯದ ಕೈಬದಲಾವಣೆ. ಹೀಗೆ ಬದಲಾದ ಕೈಗಳಲ್ಲಿ ಮುಖ್ಯವಾದುದು ಮಾರ್ಕ್ ಕಬ್ಬನ್ನರದು.

ಕಬ್ಬನ್ನರು ಹುಟ್ಟಿದ್ದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಕಡಲಿನಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿ. ಅವರ ತಂದೆ ಥಾಮಸ್ ಕಬ್ಬನ್ನರು ಮಾಗೋಲ್ಡ್ ಎಂಬ ಊರಿನ ಇಗರ್ಜಿಯ ಪಾದ್ರಿಗಳು. ತಾಯಿಯ ಸೋದರರಾದ ಮಾರ್ಕ್ ವಿಲ್ಕ್ಸರು ಕಂಪನಿಯ ಸೇನೆಯಲ್ಲಿದ್ದು, ಮುಂದೆ ಮೈಸೂರಿನ ರೆಸಿಡೆಂಟರಾದರು. ಈ ನಾಡಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದು ಪ್ರಸಿದ್ಧರಾದರು. ನೆಪೋಲಿಯನ್ನನನ್ನು ಸೆರೆಯಾಳಾಗಿ ಸೇಂಟ್ ಹೆಲೆನಾ ದ್ವೀಪಕ್ಕೆ ಕರೆತಂದಾಗ ಅಲ್ಲಿಯ ಗವರ್ನರರಾಗಿದ್ದವರೂ ಈ ವಿಲ್ಕ್ಸರೇ. ಸೋದರಮಾವನು ತುಳಿದ ದಾರಿಯನ್ನು ಸೋದರಳಿಯನೂ ಹಿಡಿದನು. 1800ರಲ್ಲಿ ಕಬ್ಬನ್ನರು ಮದರಾಸಿನ ಸೇನೆಯನ್ನು ಸೇರಿದರು.

ಸೇನೆಯಲ್ಲಿ ಅವರ ಪಾಲಿಗೆ ಬಂದದ್ದು ಕತ್ತಿಯ ಕೆಲಸಕ್ಕಿಂತ ಹೆಚ್ಚಾಗಿ ಲೆಕ್ಕದ ಕೆಲಸ. ದಂಡಿಗೆ ಬೇಕಾದ ಅಕ್ಕಿ, ಹುರುಳಿ, ಎತ್ತು, ಗಾಡಿಗಳನ್ನು ಒದಗಿಸುವ ಸರಬರಾಜು ಇಲಾಖೆಯಲ್ಲಿ ಅವರು ಬಹುಕಾಲ ದುಡಿದರು. ಯಾವ ಊರಿನಲ್ಲಿ ಯಾವ ಧಾನ್ಯ ಸಿಗುತ್ತದೆ, ಅದನ್ನು ಸಾಗಿಸಲು ಎಷ್ಟು ದಿನ ಬೇಕು, ಯಾವ ಹೊಳೆಯನ್ನು ಯಾವ ಕಾಲದಲ್ಲಿ ದಾಟಬಹುದು ಎಂಬುದನ್ನೆಲ್ಲ ಇಂತಹ ಕೆಲಸದಲ್ಲಿ ತಿಳಿದಿರಬೇಕಾಗಿತ್ತು. ಮುಂದೆ ಒಂದು ಸಂಸ್ಥಾನವನ್ನೇ ಆಳಬೇಕಾಗಿ ಬಂದಾಗ ಈ ತಿಳಿವಳಿಕೆ ಅವರಿಗೆ ಬಹಳ ಉಪಯೋಗಕ್ಕೆ ಬಂದಿತು.

ನಗರದ ದಂಗೆಯ ಕಾರಣಗಳನ್ನು ವಿಚಾರಿಸಲು ಸರ್ಕಾರವು ನಾಲ್ವರ ಒಂದು ಸಮಿತಿಯನ್ನು ನೇಮಿಸಿತು. ಅದರಲ್ಲಿ ಕಬ್ಬನ್ನರೂ ಒಬ್ಬರು. 1833ರ ಕೊನೆಯಲ್ಲಿ ಸಲ್ಲಿಸಿದ ವರದಿಯಲ್ಲಿ ಸಮಿತಿಯು ಆಡಳಿತದ ದೋಷಗಳನ್ನು ಎತ್ತಿ ತೋರಿಸಿತು. ಆದರೆ ಅರಸರ ಮೇಲೆ ಹೊರಿಸಿದ್ದ ದೂರುಗಳಲ್ಲಿ ಕೆಲವು ನಿಜವನ್ನು ಮೀರಿದ್ದವೆಂದೂ ಅದರಿಂದ ತಿಳಿದುಬಂದಿತು. ಅರಸರನ್ನು ಅಧಿಕಾರದಿಂದ ಇಳಿಸಿದ್ದಕ್ಕಾಗಿ ಬೆಂಟಿಂಕ್ ಅವರೇ ತರುವಾಯ ಮನನೊಂದರು. ಆದರೂ ಹೋದ ಅಧಿಕಾರ ಹಿಂದಿರುಗಲಿಲ್ಲ. 1834ರಲ್ಲಿ ಕಬ್ಬನ್ನರು ಇಡೀ ಮೈಸೂರು ಸಂಸ್ಥಾನದ ಕಮಿಷನರಾಗಿ ನೇಮಕಗೊಂಡರು. ಅಲ್ಲಿಂದ ಮುಂದೆ ಇಪ್ಪತ್ತೇಳು ವರ್ಷಗಳ ಕಾಲ ಆ ಪದವಿಯಲ್ಲಿ ಅವರೇ ಇದ್ದರು.

ಸಂಸ್ಥಾನದ ಕಚೇರಿಗಳು ಆಗ ಮೈಸೂರಿನಿಂದ ಬೆಂಗಳೂರಿಗೆ ಬಂದಿದ್ದವು. ಸಂಸ್ಥಾನವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳಾಗಿ ಮಾಡಿ, ಒಂದೊಂದಕ್ಕೂ ಒಬ್ಬೊಬ್ಬ ಇಂಗ್ಲಿಷ್ ಸೂಪರಿಂಟೆಂಡೆಂಟನನ್ನು ನೇಮಿಸಲಾಗಿತ್ತು. ಸೊರಬ, ಶಿಕಾರಿಪುರಗಳು ಸೇರಿದ್ದ ನಗರ ವಿಭಾಗಕ್ಕೆ ಶಿವಮೊಗ್ಗ ಮುಖ್ಯಸ್ಥಳವಾಯಿತು. ಆದರೆ ತಾಲ್ಲೂಕಿನ ಅಮಲ್ದಾರ, ಹೋಬಳಿಯ ಶೇಕದಾರ, ಹಳ್ಳಿಯ ಪಟೇಲ, ಶಾನುಭೋಗ ಇವರನ್ನು ಕಬ್ಬನ್ನರು ಹಾಗೆಯೇ ಉಳಿಸಿಕೊಂಡರು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವುದಕ್ಕಿಂತ, ಇರುವ ಮನೆಯ ಸೋರುವ ಸೂರನ್ನು ಸರಿಪಡಿಸುವುದೇ ಲೇಸೆಂಬುದು ಅವರ ರೀತಿಯಾಗಿತ್ತು.

ಅವರು ಮೊದಲು ಕೈಹಾಕಿದ್ದು ತೆರಿಗೆಗಳ ಕಾಡಿಗೆ. ಭೂಮಿಯ ಕಂದಾಯವಲ್ಲದೆ ನೂರಾರು ಬಗೆಯ ಚಿಲ್ಲರೆ ತೆರಿಗೆಗಳು ಜನರನ್ನು ಸುತ್ತಿಕೊಂಡಿದ್ದವು. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೂ ತೆರಿಗೆ. ಕಬ್ಬನ್ನರ ತರುವಾಯ ಕಮಿಷನರಾಗಿ ಬಂದ ಬೌರಿಂಗ್ ಇವುಗಳಲ್ಲಿ ಕೆಲವು ವಿಚಿತ್ರಗಳನ್ನು ಬರೆದಿಟ್ಟಿದ್ದಾರೆ. ತಪ್ಪಿಸಿಕೊಂಡ ಪಾಳೆಯಗಾರನ ಕುದುರೆಯನ್ನು ಹಿಂದೆ ಯಾವಾಗಲೋ ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತಲೆಮಾರುಗಳಿಂದ ತೆರಿಗೆ ತೆರುತ್ತಿದ್ದರಂತೆ. ನಗರದ ಸೀಮೆಯ ಒಂದು ಸ್ಥಳದಲ್ಲಿ ಎರಡು ಕೈಗಳನ್ನೂ ಮೈಗೆ ಒತ್ತಿಕೊಳ್ಳದೆ ನಡೆದುಹೋದವನು ಸುಂಕ ಕೊಡಬೇಕಾಗಿತ್ತಂತೆ. ಇಂದು ಕೇಳಿದರೆ ನಗೆ ಬರುವ ಈ ಮಾತುಗಳು ಅಂದು ಕಾಸು ಕಾಸಿಗೂ ಕಷ್ಟಪಡುತ್ತಿದ್ದ ಬಡವನಿಗೆ ನಗೆಯ ಮಾತಾಗಿರಲಿಲ್ಲ. ಇಂತಹ 769 ಬಾಬುಗಳನ್ನು ಕಬ್ಬನ್ನರ ಕಾಲದಲ್ಲಿ ತೆಗೆದುಹಾಕಲಾಯಿತು.

ಭೂಕಂದಾಯದ ವಸೂಲಿಯಲ್ಲಿಯೂ ಮಾರ್ಪಾಟು ಬಂದಿತು. ಬೆಳೆ ಕೈಗೆ ಬರುವ ಮೊದಲೇ ಕಂತು ಕಟ್ಟಬೇಕಾಗಿದ್ದುದರಿಂದ ರೈತನು ಸಾಹುಕಾರನ ಬಾಗಿಲಿಗೆ ಹೋಗಬೇಕಾಗಿತ್ತು. ಸುಗ್ಗಿಯ ಕಾಲಕ್ಕೆ ಹೊಂದುವಂತೆ ಕಂತುಗಳನ್ನು ಬದಲಾಯಿಸಿದ್ದರಿಂದ ಆ ಅವಸ್ಥೆ ಬಹುಮಟ್ಟಿಗೆ ತಪ್ಪಿತು. ಬೆಳೆಯನ್ನು ಸರ್ಕಾರವೂ ರೈತನೂ ಹಂಚಿಕೊಳ್ಳುವ ಬಟಾಯಿ ಪದ್ಧತಿಯಲ್ಲಿ, ಸರ್ಕಾರದ ನೌಕರನು ಬಂದು ಅಳೆಯುವವರೆಗೂ ರಾಶಿಯನ್ನು ಮುಟ್ಟುವಂತಿರಲಿಲ್ಲ. ಕಣದಲ್ಲಿಯೇ ಭತ್ತ ಮಳೆಗೆ ನೆನೆದು ಹಾಳಾಗುವುದೂ ಉಂಟಾಗಿತ್ತು. ಇದರ ಬದಲು ಹಣದ ಕಂದಾಯವನ್ನು ಗೊತ್ತುಮಾಡುವ ಕ್ರಮವು ಮೆಲ್ಲಮೆಲ್ಲನೆ ಬಳಕೆಗೆ ಬಂದಿತು. ಮಲೆನಾಡಿನ ಕಾಫಿಗೆ ಹಿಂದೆ ಬೆಳೆಯ ಪಾಲನ್ನೇ ಕೊಡಬೇಕಾಗಿತ್ತು. ಕಬ್ಬನ್ನರು ಅದನ್ನು ತಪ್ಪಿಸಿ ಮಣಕ್ಕೆ ಇಷ್ಟೆಂದು ಹಾಲತ್ತು ಎಂಬ ಸುಂಕವನ್ನಿಟ್ಟು, ಕ್ರಮೇಣ ಅದನ್ನೂ ಇಳಿಸಿದರು. ಇದರಿಂದ ಕಾಫಿಯ ತೋಟಗಳು ಬೆಳೆದವು.

ಮಲೆನಾಡಿನ ಇನ್ನೊಂದು ದೊಡ್ಡ ಕೊರತೆ ದಾರಿಯದು. ಘಟ್ಟದ ಮೇಲಿನ ಅಡಿಕೆ, ಅಕ್ಕಿ, ಮೆಣಸುಗಳು ಹೇರೆತ್ತುಗಳ ಬೆನ್ನಿನ ಮೇಲೆಯೇ ಕಡಲ ತೀರಕ್ಕೆ ಹೋಗಬೇಕಾಗಿತ್ತು. ಉಪ್ಪು ಅದೇ ಬೆನ್ನಿನ ಮೇಲೆ ಹಿಂದಿರುಗಿ ಬರಬೇಕಾಗಿತ್ತು. ಮಳೆಗಾಲದಲ್ಲಿ ಹಳ್ಳ ಹೊಳೆಗಳು ತುಂಬಿದರೆ ಊರಿಗೂ ಊರಿಗೂ ಸಂಬಂಧವೇ ಕಡಿದುಹೋಗುತ್ತಿತ್ತು. ಒಂದು ಕಡೆ ಅಕ್ಕಿ ಕೊಳೆಯುತ್ತಿದ್ದರೆ ಮತ್ತೊಂದು ಕಡೆ ಜನ ಹಸಿದಿರುತ್ತಿದ್ದರು. ಕಬ್ಬನ್ನರ ಆಡಳಿತದಲ್ಲಿ ಸುಮಾರು 1600 ಮೈಲಿಗಳ ರಸ್ತೆಗಳೂ 300ಕ್ಕೂ ಹೆಚ್ಚು ಸೇತುವೆಗಳೂ ನಿರ್ಮಾಣವಾದವು. ಘಟ್ಟಗಳನ್ನು ಕಡಿದು ಕಡಲ ತೀರಕ್ಕೆ ದಾರಿಗಳನ್ನು ಮಾಡಲಾಯಿತು. ಎತ್ತಿನ ಬೆನ್ನಿನ ಮೇಲಿದ್ದ ಹೇರು ಇಳಿದು ಗಾಡಿಯನ್ನೇರಿತು. ರಸ್ತೆ, ಕೆರೆ, ಕಟ್ಟಡಗಳ ಕೆಲಸಕ್ಕಾಗಿ 1856ರಲ್ಲಿ ಮುಖ್ಯ ಎಂಜಿನಿಯರರ ಕೈಕೆಳಗೆ ಒಂದು ಇಲಾಖೆಯೇ ಏರ್ಪಟ್ಟಿತು.

ದಾರಿಗಳೊಡನೆ ಸುದ್ದಿಯೂ ಹರಿಯತೊಡಗಿತು. ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ಮೈಸೂರಿನಲ್ಲಿ ಅಂಚೆಯ ಏರ್ಪಾಡು ಇದ್ದಿತು. ಆದರೆ ಅದು ಅರಸರ ಕಾಗದಗಳನ್ನು ಸಾಗಿಸುವುದಕ್ಕೂ ನಾಡಿನ ಗುಟ್ಟುಗಳನ್ನು ಅರಮನೆಗೆ ಮುಟ್ಟಿಸುವುದಕ್ಕೂ ಮೀಸಲಾಗಿತ್ತು. ಕಮಿಷನರುಗಳ ಕಾಲದಲ್ಲಿ ಗೂಢಚಾರಿಕೆಯ ಕೆಲಸ ಅಂಚೆಯಿಂದ ಬೇರೆಯಾಯಿತು. ಸಾಮಾನ್ಯ ಜನರೂ ಕಾಗದಗಳನ್ನು ಕಳುಹಿಸುವಂತಾಯಿತು. ಅಂಚೆಯವನು ಕಾಡಿನ ದಾರಿಯಲ್ಲಿ ಓಡಿ ಬಂದು, ದೂರದ ನಂಟರ ಕ್ಷೇಮಸಮಾಚಾರವನ್ನು ಹಳ್ಳಿಗೆ ತಂದುಕೊಡುತ್ತಿದ್ದನು. ಮುಂದೆ 1889ರಲ್ಲಿ ಭಾರತದ ಅಂಚೆ ವ್ಯವಸ್ಥೆಯಲ್ಲಿ ಸೇರಿಹೋಗುವವರೆಗೂ ಮೈಸೂರಿನ ಅಂಚೆ ಹೀಗೆ ಸೇವೆ ಸಲ್ಲಿಸಿತು.

ಕಬ್ಬನ್ನರ ಕಾಲವು ಬೆಂಗಳೂರಿನ ರೂಪವನ್ನೂ ಬದಲಾಯಿಸಿತು. 1809ರಲ್ಲಿ ಸ್ಥಾಪನೆಯಾಗಿದ್ದ ದಂಡಿನ ಪ್ರದೇಶವು ಹಳೆಯ ಪೇಟೆಯಿಂದ ದೂರದಲ್ಲಿ ಬೇರೊಂದು ಊರಾಗಿಯೇ ಬೆಳೆಯುತ್ತಿತ್ತು. ಪೇಟೆಯಲ್ಲಿ ಇಕ್ಕಟ್ಟಾದ ಬೀದಿಗಳು, ಒಂದಕ್ಕೊಂದು ಅಂಟಿಕೊಂಡ ಮನೆಗಳು, ಬೀದಿಗೆ ತೆರೆದ ಜಗಲಿಗಳು ಇದ್ದವು. ಜಗಲಿಯ ಮೇಲೆ ವ್ಯಾಪಾರ, ಹರಟೆ, ಅತಿಥಿಸತ್ಕಾರ ಎಲ್ಲವೂ ನಡೆಯುತ್ತಿದ್ದವು. ದಂಡಿನಲ್ಲಿಯಾದರೋ ವಿಶಾಲವಾದ ಆವರಣದ ನಡುವೆ ಒಂದೊಂದೇ ಬಂಗಲೆ. ದಪ್ಪ ಗೋಡೆ, ಎತ್ತರವಾದ ಮಾಳಿಗೆ, ಸುಣ್ಣದ ಗಾರೆಯ ದುಂಡು ಕಂಬಗಳು, ಮುಂದೆ ಅಗಲವಾದ ಮೊಗಸಾಲೆ. ಅಡುಗೆಯ ಮನೆ, ಕುದುರೆಯ ಲಾಯ, ಆಳುಗಳ ವಸತಿ ಇವೆಲ್ಲ ಹಿಂದೆ ಪ್ರತ್ಯೇಕವಾಗಿ ಇರುತ್ತಿದ್ದವು. ಮಲೆನಾಡಿನ ತೊಟ್ಟಿಯ ಮನೆ ಬೆಳಕನ್ನು ತನ್ನ ನಡುವಿನ ಅಂಗಳಕ್ಕೆ ಬರಮಾಡಿಕೊಂಡರೆ, ಬಂಗಲೆಯು ಅದನ್ನು ಸುತ್ತಲಿನ ತೋಟದಿಂದ ಪಡೆಯುತ್ತಿತ್ತು. ತೊಟ್ಟಿಯ ಮನೆ ಹಲವು ಸಂಸಾರಗಳನ್ನು ಒಂದುಗೂಡಿಸುತ್ತಿತ್ತು. ಬಂಗಲೆಯ ಗೋಡೆ ಆಳುವವನನ್ನೂ ಆಳಿಸಿಕೊಳ್ಳುವವರನ್ನೂ ಬೇರ್ಪಡಿಸುತ್ತಿತ್ತು. ಕಟ್ಟಡಗಳನ್ನು ನೋಡಿದರೇ ಆ ಕಾಲದ ಸಮಾಜ ಹೇಗಿತ್ತೆಂಬುದು ತಿಳಿಯುತ್ತದೆ.

ಕಬ್ಬನ್ನರೂ 1840ರಿಂದ 1842ರ ಅವಧಿಯಲ್ಲಿ ಬೆಂಗಳೂರಿನ ಎತ್ತರದ ಪ್ರದೇಶದಲ್ಲಿ ಇಂತಹ ಒಂದು ಬಂಗಲೆಯನ್ನು ಕಟ್ಟಿಸಿದರು. ಇಂದು ಕರ್ನಾಟಕದ ರಾಜ್ಯಪಾಲರ ನಿವಾಸವಾಗಿರುವ ರಾಜಭವನವೇ ಆ ಬಂಗಲೆ. ಬೇಸಗೆಯಲ್ಲಿ ಅವರು ನಂದಿಬೆಟ್ಟದ ಮೇಲಿನ ಮನೆಗೆ ಹೋಗಿ, ಅಲ್ಲಿಂದಲೇ ರಾಜ್ಯದ ಕಾಗದಪತ್ರಗಳನ್ನು ನೋಡುತ್ತಿದ್ದರು. ಆದರೆ ಆಡಳಿತದ ಕಚೇರಿಗಳಿಗೆ ಅವರು ಹೊಸ ಸೌಧವನ್ನು ಕಟ್ಟಿಸಲಿಲ್ಲ. ಬೆಂಗಳೂರಿನ ಕೋಟೆಯೊಳಗೆ ಟಿಪ್ಪು ಸುಲ್ತಾನನು 1791ರ ಹೊತ್ತಿಗೆ ಪೂರ್ಣಗೊಳಿಸಿದ್ದ ಮರದ ಕಂಬಗಳ ಅರಮನೆಯಲ್ಲಿಯೇ ಕಚೇರಿಗಳು ನಡೆಯುತ್ತಿದ್ದವು. ಒಂದು ಕಾಲದಲ್ಲಿ ಕಂಪನಿಯನ್ನು ನಡುಗಿಸಿದ ವೀರನ ಬೇಸಗೆಯ ಅರಮನೆಯಲ್ಲಿ ಕಂಪನಿಯ ಗುಮಾಸ್ತರು ಲೆಕ್ಕ ಬರೆಯುವಂತಾದುದು ಕಾಲದ ಮಹಿಮೆಯೇ ಸರಿ.

ಕಬ್ಬನ್ನರು ಮದುವೆಯಾಗಲಿಲ್ಲ. ಅವರ ಮನೆಯಲ್ಲಿ ಅತಿಥಿಗಳಿಗೆ ಎಂದೂ ಕೊರತೆ ಇರಲಿಲ್ಲ. ಕುದುರೆಗಳೆಂದರೆ ಅವರಿಗೆ ಬಹಳ ಪ್ರೀತಿ; ಅವರ ಲಾಯದಲ್ಲಿ ಉತ್ತಮ ತಳಿಯ ಕುದುರೆಗಳು ತುಂಬಿರುತ್ತಿದ್ದವು. ತಮ್ಮ ಅಧಿಕಾರದ ವಿಷಯದಲ್ಲಿ ಮಾತ್ರ ಅವರು ಬಹಳ ಬಿಗಿ. ದೊಡ್ಡ ವಿಷಯ ಸಣ್ಣ ವಿಷಯ ಎನ್ನದೆ ಎಲ್ಲವೂ ಅವರ ಕಣ್ಣಿನ ಮುಂದೆಯೇ ತೀರ್ಮಾನವಾಗಬೇಕಾಗಿತ್ತು. ಮನೆಯ ಯಜಮಾನನು ಮನೆಯನ್ನು ನಡೆಸುವಂತೆ ಅವರು ಸಂಸ್ಥಾನವನ್ನು ನಡೆಸಿದರು. ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಮೈಸೂರಿಗೆ ಬಂದ ಮೇಲೆ ಈ ಏಕವ್ಯಕ್ತಿ ಆಡಳಿತ ಸಡಿಲಗೊಂಡು, ನ್ಯಾಯಾಡಳಿತಕ್ಕೆ ಪ್ರತ್ಯೇಕ ಕಮಿಷನರರ ನೇಮಕವಾಯಿತು.

ಅವರ ಆಡಳಿತದಲ್ಲಿ ಕೊರತೆಗಳೂ ಇದ್ದವು. ರಸ್ತೆಗಳಿಗೆ ದೊರೆತ ಗಮನ ಶಾಲೆಗಳಿಗೆ ದೊರೆಯಲಿಲ್ಲ. ವಿದ್ಯಾಭ್ಯಾಸದ ಇಲಾಖೆ ಏರ್ಪಟ್ಟದ್ದು 1857ರಲ್ಲಿ. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರಿನ ಪ್ರೌಢಶಾಲೆ ಆರಂಭವಾದದ್ದು 1858ರಲ್ಲಿ. ಅಷ್ಟು ಹೊತ್ತಿಗೆ ಅವರ ಅಧಿಕಾರದ ಬಹುಭಾಗ ಮುಗಿದೇ ಹೋಗಿತ್ತು. ಚಿಲ್ಲರೆ ತೆರಿಗೆಗಳು ಹೋದರೂ ಕಂಪನಿಗೆ ಸಲ್ಲುತ್ತಿದ್ದ ದೊಡ್ಡ ಪೊಗದಿ ನಿಲ್ಲಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ನಾಡನ್ನು ಆಳುವವರನ್ನು ನಾಡಿನ ಜನರು ಆರಿಸಿರಲಿಲ್ಲ. ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂದು ಪತ್ರದ ಮೇಲೆ ಪತ್ರ ಬರೆಯುತ್ತಿದ್ದರು. ಒಳ್ಳೆಯ ಆಡಳಿತವೇ ಆದರೂ ಅದು ಪರರ ಆಡಳಿತವೆಂಬ ನೋವು ಅದರಿಂದ ಅಳಿಯಲಿಲ್ಲ.

1857ರಲ್ಲಿ ಉತ್ತರ ಭಾರತದಲ್ಲಿ ಸ್ವಾತಂತ್ರ್ಯದ ಹೋರಾಟ ಭುಗಿಲೆದ್ದಾಗ ಮೈಸೂರು ಶಾಂತವಾಗಿತ್ತು. ಆ ಶಾಂತಿಗೆ ಮುಖ್ಯ ಕಾರಣ ತಾನಲ್ಲ, ಅಧಿಕಾರ ಕಳೆದುಕೊಂಡು ಕುಳಿತಿದ್ದ ಅರಸರೇ ಎಂದು ಕಬ್ಬನ್ನರು ಸರ್ಕಾರಕ್ಕೆ ತಿಳಿಸಿದರು. ಹಿರಿಮೆಯನ್ನು ತಾವೇ ಹೊತ್ತುಕೊಳ್ಳಲು ಅವಕಾಶವಿದ್ದಾಗಲೂ ಅದನ್ನು ಸಲ್ಲತಕ್ಕವರಿಗೆ ಸಲ್ಲಿಸಿದ್ದು ಅವರ ಪ್ರಾಮಾಣಿಕತೆಗೆ ಸಾಕ್ಷಿಯಾಗಿದೆ. 1860ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸಿನ ಸರ್ಕಾರಕ್ಕೆ ವರ್ಗಾಯಿಸುವ ಯೋಚನೆ ಹುಟ್ಟಿತು. ಹಾಗಾಗಿದ್ದರೆ ಮೈಸೂರು ತನ್ನ ಪ್ರತ್ಯೇಕತೆಯನ್ನು ಕಳೆದುಕೊಂಡು ಮದರಾಸಿನ ಜಿಲ್ಲೆಗಳ ಸಾಲಿಗೆ ಸೇರುವ ಭಯವಿತ್ತು. ಅರಸರು ಅದನ್ನು ಬಲವಾಗಿ ವಿರೋಧಿಸಿದರು. ವೃದ್ಧರಾಗಿದ್ದ ಕಬ್ಬನ್ನರೂ ರಾಜೀನಾಮೆಗೆ ಸಿದ್ಧರಾದರು. ಅರಮನೆಯೂ ಕಮಿಷನರರ ಕಚೇರಿಯೂ ಒಂದೇ ದನಿಯಲ್ಲಿ ಮಾತನಾಡಿದ ಅಪರೂಪದ ಸಂದರ್ಭವಿದು. ಗವರ್ನರ್ ಜನರಲ್ ಕ್ಯಾನಿಂಗ್ ಆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡರು.

1861ರ ಆರಂಭದಲ್ಲಿ ದೇಹಸ್ಥಿತಿ ಕೆಟ್ಟುದರಿಂದ ಕಬ್ಬನ್ನರು ಅಧಿಕಾರವನ್ನು ಬಿಟ್ಟು ಸ್ವದೇಶಕ್ಕೆ ಹೊರಟರು. ಯೌವನದಲ್ಲಿ ಬಿಟ್ಟು ಬಂದ ದ್ವೀಪವನ್ನು ಅರವತ್ತು ವರ್ಷಗಳ ಮೇಲೆ ನೋಡುವ ಆಸೆ ಅವರದಾಗಿತ್ತು. ಆದರೆ ಆ ಆಸೆ ಕೈಗೂಡಲಿಲ್ಲ. ದಾರಿಯಲ್ಲಿ ಈಜಿಪ್ಟಿನ ಸೂಯೆಜ್ ಪಟ್ಟಣದಲ್ಲಿ ಅವರು 1861ರ ಏಪ್ರಿಲ್ ತಿಂಗಳಲ್ಲಿ ಕೊನೆಯುಸಿರೆಳೆದರು. ಅವರ ದೇಹವನ್ನು ಹುಟ್ಟಿದ ದ್ವೀಪಕ್ಕೆ ಒಯ್ದು, ತಂದೆಯು ಪಾದ್ರಿಯಾಗಿದ್ದ ಮಾಗೋಲ್ಡಿನ ನೆಲದಲ್ಲಿ ಸಮಾಧಿ ಮಾಡಿದರು.

ಅವರ ಹೆಸರು ಬೆಂಗಳೂರಿನಲ್ಲಿ ಉಳಿಯಿತು. ಶಿಲ್ಪಿ ಮರೊಕೆಟ್ಟಿ ರಚಿಸಿದ, ಕುದುರೆಯನ್ನೇರಿದ ಕಬ್ಬನ್ನರ ಪ್ರತಿಮೆಯನ್ನು 1866ರಲ್ಲಿ ಸ್ಥಾಪಿಸಲಾಯಿತು. ಅವರು ಕಟ್ಟಿಸದೆ ಬಿಟ್ಟಿದ್ದ ಕಚೇರಿಯ ಸೌಧವನ್ನು ಎಂಜಿನಿಯರ್ ಸ್ಯಾಂಕಿಯವರು 1864ರಿಂದ 1868ರವರೆಗಿನ ಅವಧಿಯಲ್ಲಿ ನಿರ್ಮಿಸಿದರು. ಹದಿನೆಂಟು ಇಲಾಖೆಗಳನ್ನು ನೆನಪಿಸುವ ಅಠಾರ ಕಚೇರಿ ಎಂಬ ಹೆಸರಿನ ಆ ಕೆಂಪು ಕಟ್ಟಡದಲ್ಲಿ ಈಗ ಕರ್ನಾಟಕದ ಉಚ್ಚ ನ್ಯಾಯಾಲಯವಿದೆ. ಅದರ ಸುತ್ತಲೂ 1870ರಲ್ಲಿ ಬೆಳೆಸಿದ ಉದ್ಯಾನವು ಮುಂದೆ ಕಬ್ಬನ್ ಉದ್ಯಾನವೆಂದು ಪ್ರಸಿದ್ಧವಾಯಿತು. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರನ್ನಿಟ್ಟರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಬಹುಕಾಲ ನ್ಯಾಯಾಲಯದ ಮುಂದಿದ್ದ ಪ್ರತಿಮೆಯನ್ನು 2020ರಲ್ಲಿ ಉದ್ಯಾನದ ಒಳಕ್ಕೆ ಸಾಗಿಸಲಾಯಿತು.

ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಕಬ್ಬನ್ನರ ಪ್ರತಿಮೆ ರಾಜಧಾನಿಯಲ್ಲಿದೆ. ಆದರೆ ತೆರಿಗೆಯ ಅನ್ಯಾಯವನ್ನು ಸಹಿಸಲಾರದೆ ಕೂಟ ಸೇರಿದ ಮಲೆನಾಡಿನ ರೈತರಲ್ಲಿ ಹೆಚ್ಚಿನವರ ಹೆಸರುಗಳೂ ಉಳಿದಿಲ್ಲ. ಅವರು ದನಿಯೆತ್ತದಿದ್ದರೆ ವಿಚಾರಣೆಯ ಸಮಿತಿ ಕೂರುತ್ತಿರಲಿಲ್ಲ. 769 ತೆರಿಗೆಗಳು ಅಳಿಯುತ್ತಲೂ ಇರಲಿಲ್ಲ. ದೂರದ ದ್ವೀಪದಿಂದ ಬಂದ ಒಬ್ಬ ಅಧಿಕಾರಿ ಆ ದನಿಗೆ ತಕ್ಕಮಟ್ಟಿಗೆ ಕಿವಿಗೊಟ್ಟನೆಂಬುದೇ ಅವನ ಹಿರಿಮೆ. ಆಳುವವನು ಯಾರೇ ಆಗಿರಲಿ, ಅವನ ಆಡಳಿತದ ಬೆಲೆ ತಿಳಿಯುವುದು ಅವನು ಕಟ್ಟಿಸಿದ ಸೌಧಗಳಿಂದಲ್ಲ. ದೂರದ ಹಳ್ಳಿಯೊಂದರ ಕಣದಲ್ಲಿ ಸುಗ್ಗಿಯ ಸಂಜೆ ರೈತನ ಪಾಲಿಗೆ ಉಳಿಯುವ ಭತ್ತದ ರಾಶಿಯಿಂದ.